ದೇಶ ಬೆಳೆದಿದೆ ಸರಿ, ನಮ್ಮ ಮನೆವರೆಗೆ ಎಷ್ಟು ಬಂತು?

ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಮ್ಮ ಸಂಘದ ಸಭೆ ಮುಗಿಸಿ ಚಹಾ ಕುಡಿಯುತ್ತಾ ನಿಂತಿದ್ದೆವು. ಭಾರತ ಈಗ ಜಗತ್ತಿನ ಐದು ದೊಡ್ಡ ಆರ್ಥಿಕತೆಗಳಲ್ಲಿ ಒಂದು ಅಂತ ಒಬ್ಬ ಹುಡುಗ ಖುಷಿಯಿಂದ ಹೇಳಿದ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಅಮ್ಮ ಒಬ್ಬರು ಕೇಳಿದರು, "ಹೌದಾ ಮಗಾ? ಹಾಗಾದ್ರೆ ನಮ್ಮ ಸೊಸೈಟಿಯ ಟ್ಯಾಂಕರ್ ಬಿಲ್ಲು ಯಾಕೆ ವರ್ಷವರ್ಷ ಜಾಸ್ತಿ ಆಗ್ತಿದೆ?" ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆ ಮನೆವರೆಗೂ ನನ್ನ ಜೊತೆ ಬಂತು.

ರಾತ್ರಿ ಕೂತು ನನ್ನದೇ ಬದುಕಿನ ಲೆಕ್ಕ ಬರೆದೆ. ನಾನು 1981ರಲ್ಲಿ ಕುಂದಾಪುರ ಕಡೆಯಿಂದ ಮುಂಬೈಗೆ ಬಂದವನು. ಆಗ ವಯಸ್ಸು 14. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ರಾತ್ರಿ ಕನ್ನಡ ಶಾಲೆ. ಹತ್ತನೇ ಕ್ಲಾಸು ಪಾಸಾಗಿ, ಒಂದು ಕಚೇರಿಯಲ್ಲಿ ಗುಮಾಸ್ತನಾದೆ. 1990ರಲ್ಲಿ ನನ್ನ ಸಂಬಳ ತಿಂಗಳಿಗೆ 1,800 ರೂಪಾಯಿ. ಬಣ್ಣದ ಟಿವಿ ಕೊಳ್ಳಬೇಕಾದರೆ ಆರು ತಿಂಗಳ ಸಂಬಳ ಬೇಕಿತ್ತು, ಕೊಳ್ಳಲಿಲ್ಲ. ಆದರೆ ಡೊಂಬಿವಲಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ ಸುಮಾರು ನಾಲ್ಕು ವರ್ಷದ ಸಂಬಳಕ್ಕೆ ಸಿಕ್ಕಿತು. ಸಾಲ ಮಾಡಿ ತೆಗೆದುಕೊಂಡೆ.

ಈಗ ನನ್ನ ಮಗನ ಸಂಬಳ 40 ಸಾವಿರ. ಟಿವಿ ಅವನಿಗೆ ಹತ್ತು ಹದಿನೈದು ದಿನದ ದುಡಿಮೆ. ಇದೇ ಊರಿನಲ್ಲಿ ಒಂದು ಸಣ್ಣ ಫ್ಲ್ಯಾಟಿಗೆ ಮಾತ್ರ ಒಂಬತ್ತು ಹತ್ತು ವರ್ಷದ ಸಂಬಳ. ಮೊಮ್ಮಗಳ ಶಾಲೆಯ ಫೀಸು ಬೇರೆ. ನಾನು ಓದಿದ ಶಾಲೆಗೆ ಫೀಸೇ ಇರಲಿಲ್ಲ.

ನನಗೆ ಕಂಡಿದ್ದು ಇಷ್ಟು. ಫ್ಯಾಕ್ಟರಿಯಿಂದ ಬರುವ ಸಾಮಾನು ಅಗ್ಗವಾಯಿತು. ನೆಲ, ನೀರು, ಶಾಲೆ, ಔಷಧಿ ತುಟ್ಟಿಯಾಯಿತು. ಹಾಗಾದರೆ ನಾವು ಮುಂದೆ ಬಂದೆವಾ? ನಿಮ್ಮ ಮನೆಗಳ ಲೆಕ್ಕ ಹೇಗಿದೆ? ಬರೆಯಿರಿ. ಇದು ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ.

ಪುಣೆ, ವಾಕಡ್

ಸರ್, ನಿಮ್ಮ ಲೆಕ್ಕ ಪ್ರಾಮಾಣಿಕವಾಗಿದೆ. ಆದರೂ ನಾನು ಬೆಳವಣಿಗೆಯ ಪರವಾಗಿಯೇ ಮಾತಾಡುತ್ತೇನೆ. ಯಾಕಂದ್ರೆ ಅದಿಲ್ಲದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತರೆ ಏಳುತ್ತಿದ್ದುದು ಕತ್ತಲಾದ ಮೇಲೆ. 1991ರಲ್ಲಿ ದೇಶದ ಕೈಯಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಇತ್ತು. ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡಿನ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಅಡ ಇಟ್ಟೆವು. ಆಗ ದೇಶದ ಜಿಡಿಪಿ 27 ಸಾವಿರ ಕೋಟಿ ಡಾಲರ್ ಆಸುಪಾಸು. ಈಗ 4 ಲಕ್ಷ ಕೋಟಿ ಡಾಲರ್ ಹತ್ತಿರ. ಬೆಲೆ ಏರಿಕೆ, ಜನಸಂಖ್ಯೆ ಎಲ್ಲ ಕಳೆದರೂ ಇದು ಸಣ್ಣದಲ್ಲ. ಆ ಬದಲಾವಣೆ ಬರದಿದ್ದರೆ ಹಿಂಜವಡಿಯಲ್ಲಿ ಐಟಿ ಪಾರ್ಕ್ ಎಲ್ಲಿರುತ್ತಿತ್ತು? ನನ್ನಂಥ ಸಾವಿರಾರು ಹುಡುಗರು ಎಲ್ಲಿಗೆ ಹೋಗುತ್ತಿದ್ದರು?

ಬಡವರ ಲೆಕ್ಕವನ್ನೂ ಹೇಳುತ್ತೇನೆ. ವಿಶ್ವ ಬ್ಯಾಂಕಿನ ಪ್ರಕಾರ, ದಿನಕ್ಕೆ 2.15 ಡಾಲರಿಗಿಂತ ಕಡಿಮೆಯಲ್ಲಿ ಬದುಕುವ ಭಾರತೀಯರು 2011-12ರಲ್ಲಿ 100ಕ್ಕೆ 16 ಜನ ಇದ್ದರು. 2022-23ಕ್ಕೆ ಇಬ್ಬರು ಮೂವರು. ನಾನು ಇದನ್ನು ಬರೀ ಅಂಕಿ ಅಂತ ನೋಡೋದಿಲ್ಲ. ನಮ್ಮ ಓಣಿಯಲ್ಲಿ ಸಂಜೆ ಒಲೆ ಹಚ್ಚದ ಮನೆಗಳು ಇದ್ದವು. ಈಗ ಇಲ್ಲ.

ಮುಲುಂಡ್, ಹೋಟೆಲಿನವ

ವಾಕಡಿನ ತಮ್ಮ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿ. ಹಳೆಯ ಕಾಲ ಚೆನ್ನಾಗಿತ್ತು ಅನ್ನುವವರು ಆಗಿನ ಸಾಲುಗಳನ್ನು ಮರೆತಿದ್ದಾರೆ ಮಾರಾಯ್ರೆ. ಹಾಲಿಗೆ ಸರ್ಕಾರಿ ಡೈರಿಯ ಆರೆ ಕಾರ್ಡು. ಬೆಳಗ್ಗೆ ನಾಲ್ಕೂವರೆಗೆ ಬಾಟಲಿ ಹಿಡಿದು ನಿಲ್ಲಬೇಕಿತ್ತು. ಸೀಮೆಎಣ್ಣೆಗೆ ಸಾಲು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯೋದು. ನಮ್ಮ ಹೋಟೆಲಿಗೆ ಫೋನ್ ಬರುವಾಗ ಅರ್ಜಿ ಹಾಕಿದ್ದ ನನ್ನ ಅಪ್ಪಯ್ಯ ತೀರಿಹೋಗಿದ್ದರು.

ಇನ್ನೊಂದು ಸಂಗತಿ. ಮೊದಲು ಬಸ್ರೂರು, ಬೈಂದೂರು, ಹೆಬ್ರಿ ಕಡೆಯಿಂದ ವರ್ಷವರ್ಷ ಹುಡುಗರು ಬರುತ್ತಿದ್ದರು. ಹೊಟ್ಟೆಗಿಲ್ಲದೆ ಬರುತ್ತಿದ್ದರು, ಅದನ್ನು ಚೆಂದ ಮಾಡಿ ಹೇಳೋದು ಬೇಡ. ಈಗ ನನ್ನಲ್ಲಿ 11 ಜನ ಕೆಲಸಕ್ಕಿದ್ದಾರೆ. ನಮ್ಮೂರವರು ಅಡುಗೆಯ ಭಟ್ಟರು ಒಬ್ಬರೇ. ಉಳಿದವರು ಒಡಿಶಾ, ಜಾರ್ಖಂಡ್, ನೇಪಾಳದವರು. ನಮ್ಮೂರ ಹುಡುಗರು ಓದುತ್ತಿದ್ದಾರೆ, ಬೆಂಗಳೂರಿಗೆ ಹೋಗುತ್ತಿದ್ದಾರೆ, ಗಲ್ಫಿಗೆ ಹೋಗುತ್ತಿದ್ದಾರೆ. ಹೋಟೆಲಿಗೆ ಹುಡುಗರು ಸಿಗೋದಿಲ್ಲ ಅಂತ ನಾವು ಮಾಲೀಕರು ಸೇರಿದಾಗೆಲ್ಲ ಗೊಣಗುತ್ತೇವೆ. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ನಮ್ಮ ಊರು ಗೆದ್ದಿದೆ.

ಲಾಲ್‌ಬಾಗ್

ನನ್ನ ಲೆಕ್ಕ ಬೇರೆ ಇದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಮ್ಮ ಅಪ್ಪ ಇಂಡಿ ತಾಲ್ಲೂಕಿನವರು. ಮುಂಬೈಯ ಒಂದು ಬಟ್ಟೆ ಮಿಲ್ಲಿನಲ್ಲಿ ಸಾಂಚಾ ಖಾತೆಯಲ್ಲಿ, ಅಂದರೆ ನೇಯ್ಗೆ ವಿಭಾಗದಲ್ಲಿದ್ದರು. ಅವ್ವ ಚಾಳಿನ ಹತ್ತು ಬೈ ಹತ್ತರ ಖೋಲಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. 18 ಜನ ಮಿಲ್ ಕಾರ್ಮಿಕರು ಎರಡು ಹೊತ್ತು ಅಲ್ಲೇ ಊಟ ಮಾಡುತ್ತಿದ್ದರು. ಮಿಲ್ಲಿನ ಸೈರನ್ನು, ಭೋಂಗಾ, ಕೂಗಿದ ಮೇಲೆ ಒಂದು ಪಾಳಿಯವರು ಎದ್ದರೆ ಇನ್ನೊಂದು ಪಾಳಿಯವರು ಕೂರುತ್ತಿದ್ದರು. ಪಗಾರದ ದಿನ ಲೆಕ್ಕ. ಅವ್ವನಿಗೆ ಬರಹ ಬರುತ್ತಿರಲಿಲ್ಲ. ಒಬ್ಬೊಬ್ಬರ ಹೆಸರಿಗೆ ನಾನು ಗೀಟು ಎಳೆಯುತ್ತಿದ್ದೆ.

1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಪಗಾರ ನಿಂತಿತು. ಅವ್ವ ಊಟ ನಿಲ್ಲಿಸಲಿಲ್ಲ. ಮೂರು ತಿಂಗಳು ಉದ್ರಿ ಬಡಿಸಿದಳು. ಪಾಟ್ಲಿ ಮಾರಿದಳು. ಆಮೇಲೆ ಜೋಳದ ಹಿಟ್ಟು ತರಲು ದುಡ್ಡಿರಲಿಲ್ಲ. 18 ಜನ ಒಬ್ಬೊಬ್ಬರಾಗಿ ಊರಿಗೆ ಹೋದರು. ಮೂರು ವರ್ಷದ ನಂತರ ಕೊಂಕಣದಿಂದ ಒಬ್ಬರ ಮನಿಯಾರ್ಡರ್ ಬಂತು, 140 ರೂಪಾಯಿ. ಅವ್ವ ಅವತ್ತು ಅತ್ತಿದ್ದು ನೆನಪಿದೆ. ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ಮುಗಿಸಲೇ ಇಲ್ಲ. ಮಿಲ್ಲುಗಳೇ ಮುಗಿದವು.

ಆಮೇಲೆ ಆ ನೆಲಕ್ಕೆ ಬೆಲೆ ಬಂತು. 1991ರ ನಿಯಮದ ಹಿಂದಿದ್ದ ವಿಚಾರ ಚೆನ್ನಾಗಿಯೇ ಇತ್ತು. ಮಿಲ್ಲಿನ ನೆಲದಲ್ಲಿ ಮೂರನೇ ಒಂದು ಪಾಲು ನಗರದ ಬಯಲಿಗೆ, ಒಂದು ಪಾಲು ಸಾಮಾನ್ಯರ ಮನೆಗಳಿಗೆ, ಒಂದು ಪಾಲು ಮಾಲೀಕರಿಗೆ. 2001ರಲ್ಲಿ ಅದನ್ನು ಬದಲಾಯಿಸಿ, ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಹಂಚಿಕೆ ಅಂದರು. ಮಿಲ್ಲಿನಲ್ಲಿ ಖಾಲಿ ಜಾಗ ಎಷ್ಟಿರುತ್ತದೆ ಹೇಳಿ? 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮನೆಗಾಗಿ ಅರ್ಜಿ ಹಾಕಿದ ಕಾರ್ಮಿಕ ಕುಟುಂಬಗಳು ಒಂದೂವರೆ ಲಕ್ಷಕ್ಕೂ ಜಾಸ್ತಿ. ಸಿಕ್ಕಿದ್ದು ಅದರಲ್ಲಿ ಸಣ್ಣ ಪಾಲಿಗೆ. ನಮ್ಮ ಅಪ್ಪ ಅರ್ಜಿಯ ರಸೀದಿ ಇಟ್ಟುಕೊಂಡೇ ಹೋದರು.

ಚಿಮಣಿ ಇದ್ದಲ್ಲಿ ಕಚೇರಿಗಳು ಬಂದವು. ಲಕ್ಷಾಂತರ ಜನ ದಿನಾ ಬರತೊಡಗಿದರು. ಇದು ಬೆಳವಣಿಗೆ ಅಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಪಾದಚಾರಿ ಸೇತುವೆ ಮಾತ್ರ ಅಷ್ಟೇ ಅಗಲ ಉಳಿಯಿತು. ನನ್ನ ಮಗಳು ಅದೇ ಸೇತುವೆ ಹತ್ತಿ ಕೆಲಸಕ್ಕೆ ಹೋಗುತ್ತಿದ್ದಳು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಮಳೆ ಬಂತು. ಮೇಲೆ ನಿಂತವರು ಇಳಿಯಲಿಲ್ಲ, ಕೆಳಗಿನವರು ಹತ್ತುತ್ತಲೇ ಇದ್ದರು. 20ಕ್ಕೂ ಹೆಚ್ಚು ಜನ ಕಾಲ್ತುಳಿತಕ್ಕೆ ಸತ್ತರು. ಅವಳು ಅವತ್ತು ಜ್ವರ ಅಂತ ಮನೆಯಲ್ಲಿದ್ದಳು.

ಮುಂದಿನ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ. ಆಮೇಲೆ ಸೈನ್ಯವನ್ನು ಕರೆಸಿದರು. 2018ರ ಫೆಬ್ರವರಿಯಲ್ಲಿ ಹೊಸ ಸೇತುವೆ ತಯಾರಾಯಿತು. ಐದೇ ತಿಂಗಳು. ಅಂದರೆ ದುಡ್ಡೂ ಇತ್ತು, ಕಬ್ಬಿಣವೂ ಇತ್ತು, ಕಟ್ಟುವ ಕೈಗಳೂ ಇದ್ದವು. ಮೊದಲೇ ಕಟ್ಟಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೆ.

ಮಾಟುಂಗ, ನಿವೃತ್ತ ಮೇಷ್ಟ್ರು

ಲಾಲ್‌ಬಾಗಿನ ತಾಯಿ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಬಹಳ ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ಆ ಟ್ಯಾಂಕರಿನ ಪ್ರಶ್ನೆಗೆ ಉತ್ತರ ಕೊಡಲು ನೋಡುತ್ತೇನೆ.

ಜಿಡಿಪಿ ಅಂದರೆ ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಸರಕು ಮತ್ತು ಸೇವೆಗಳ ಬೆಲೆ. ಅದು ಬೆಲೆ ಕೂಡಿಸುತ್ತದೆ, ಒಳ್ಳೆಯದು ಕೆಟ್ಟದ್ದು ಕೇಳುವುದಿಲ್ಲ. ನಲ್ಲಿಯಲ್ಲಿ ಕಡಿಮೆ ದರಕ್ಕೆ ನೀರು ಬಂದರೆ ಲೆಕ್ಕಕ್ಕೆ ಸೇರುವುದು ಸ್ವಲ್ಪ. ನಲ್ಲಿ ಒಣಗಿ ಟ್ಯಾಂಕರ್ ಬಂದರೆ ಡೀಸೆಲ್, ಡ್ರೈವರ್, ಬಾಡಿಗೆ, ಲಾಭ ಎಲ್ಲ ಸೇರುತ್ತದೆ. ಆ ಅಮ್ಮನ ತೊಂದರೆ ಜಾಸ್ತಿಯಾದಷ್ಟೂ ಆ ಲೆಕ್ಕ ಮೇಲೇರುತ್ತದೆ. ಮನೆಯಲ್ಲಿ ಹೆಂಗಸರು ಮಾಡುವ ಅಡುಗೆ, ಮುದುಕರ ಆರೈಕೆ ಇದ್ಯಾವುದೂ ಅದರಲ್ಲಿಲ್ಲ. ಈ ಲೆಕ್ಕವನ್ನು ಅಮೆರಿಕಕ್ಕೆ ಮೊದಲು ಕಟ್ಟಿಕೊಟ್ಟ ಸೈಮನ್ ಕುಜ್ನೆಟ್ಸ್ 1934ರಲ್ಲೇ ಎಚ್ಚರಿಸಿದ್ದರು, ರಾಷ್ಟ್ರೀಯ ಆದಾಯ ನೋಡಿ ಜನರ ಕ್ಷೇಮ ಅಳೆಯಲು ಆಗದು ಅಂತ.

ಸರಾಸರಿಯ ತೊಂದರೆಯೂ ಇದೆ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ತಾಮಸ್ ಪಿಕೆಟ್ಟಿ ಮತ್ತು ಜೊತೆಯವರ ಅಂದಾಜಿನಲ್ಲಿ, 2022-23ರಲ್ಲಿ ನಮ್ಮ ದೇಶದ ಆದಾಯದ 22.6% ಮೇಲಿನ 1% ಜನರ ಪಾಲು. ಅದೇ ಹೊತ್ತಿಗೆ ಸರ್ಕಾರದ ಸಮೀಕ್ಷೆ ನೋಡಿ. 2023-24ರಲ್ಲಿ ನಗರದ ಒಬ್ಬ ವ್ಯಕ್ತಿಯ ಸರಾಸರಿ ತಿಂಗಳ ಖರ್ಚು 6,996 ರೂಪಾಯಿ, ಹಳ್ಳಿಯಲ್ಲಿ 4,122. ದೇಶದ ಗಾತ್ರ ಕೇಳಿ ಬರುವ ಬೆರಗು ಈ ಅಂಕಿ ಕೇಳಿದಾಗ ಇಳಿಯುತ್ತದೆ.

ಆದರೆ ವಾಕಡಿನ ಹುಡುಗ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಬಡತನ ಇಳಿದಿದೆ. 1990ರ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು 60 ತುಂಬಿರಲಿಲ್ಲ, ಈಗ 72ರ ಹತ್ತಿರ. ಇದರಲ್ಲಿ ಬೆಳವಣಿಗೆಯ ಪಾಲು ಎಷ್ಟು, ಬೇರೆ ಕೆಲಸಗಳ ಪಾಲು ಎಷ್ಟು ಅನ್ನೋದೇ ನಿಜವಾದ ಪ್ರಶ್ನೆ.

ಬಾಂಗ್ಲಾದೇಶ ನೋಡಿ. ಅವರು ಶ್ರೀಮಂತರೇನಲ್ಲ. ಆದರೆ ಅಲ್ಲಿನ ಜನ ಸರಾಸರಿ ನಮಗಿಂತ ಜಾಸ್ತಿ ವರ್ಷ ಬದುಕುತ್ತಾರೆ. ವಾಂತಿಭೇದಿಗೆ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ, 1980ರ ದಶಕದಲ್ಲಿ, ಅಲ್ಲಿನ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಂಗಸರು ಮನೆಮನೆಗೆ ಹೋದರು. ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಇಷ್ಟು ನೀರು. ತಾಯಂದಿರ ಕೈಯಿಂದಲೇ ಮಾಡಿಸಿ ತೋರಿಸಿದರು. ಅದರಿಂದ ಜಿಡಿಪಿ ಎಷ್ಟು ಏರಿತು? ಏನೂ ಇಲ್ಲ ಅನ್ನಬಹುದು. ಮಕ್ಕಳು ಉಳಿದವು.

ವಾಸ್ಕೋ, ಝುವಾರಿನಗರ

ಗೋವಾದಿಂದ ಬರೀತಿದೀನಿ. ತಲಾ ಆದಾಯದಲ್ಲಿ ದೇಶದ ಮುಂಚೂಣಿಯ ರಾಜ್ಯಗಳಲ್ಲಿ ನಮ್ಮದೂ ಒಂದು. ಮೇಷ್ಟ್ರು ಸರಾಸರಿ ಅಂದರಲ್ಲ, ಆ ಸರಾಸರಿಯೊಳಗೆ ನಾನೂ ಇದ್ದೇನೆ. ನಮ್ಮ ಓಣಿಯಲ್ಲಿ ಇರುವವರು ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಕೊಪ್ಪಳ ಕಡೆಯವರು.

ಅದಿರಿನ ವ್ಯಾಪಾರ ಜೋರಾಗಿದ್ದಾಗ ನಾನು ಸಾಲ ಮಾಡಿ ಟಿಪ್ಪರ್ ತೆಗೆದುಕೊಂಡೆ. ಒಂದೆರಡು ವರ್ಷ ಕೈತುಂಬ ದುಡ್ಡು. ಗಣಿ ಊರುಗಳ ಬಾವಿ ಬತ್ತುತ್ತಿತ್ತು, ಗದ್ದೆಗೆ ಕೆಂಪು ಕೆಸರು ಇಳಿಯುತ್ತಿತ್ತು. ಕಂಡರೂ ಕಾಣದ ಹಾಗೆ ಇದ್ದೆವು, ಒಪ್ಪಿಕೊಳ್ಳುತ್ತೇನೆ. 2012ರಲ್ಲಿ ಗಣಿ ನಿಂತಿತು. ನಿಲ್ಲಿಸಬೇಕಾಗಿತ್ತು, ಅಷ್ಟು ಅಕ್ರಮ ನಡೆದಿತ್ತು. ಆದರೆ ಕಂತು ನಿಲ್ಲಲಿಲ್ಲ. ಟಿಪ್ಪರ್ ಹೋಯಿತು, ಹೆಂಡತಿಯ ಬಂಗಾರ ಹೋಯಿತು. ಈಗ ಬೇರೆಯವರ ಟ್ಯಾಕ್ಸಿ ಓಡಿಸುತ್ತೇನೆ.

ರಾಜ್ಯದ ಅಂಕಿ ಮತ್ತೆ ಏರಿತು ಅಂತ ಪೇಪರಿನಲ್ಲಿ ಓದಿದೆ. ನನ್ನದು ಏರಲಿಲ್ಲ. ಬೆಳವಣಿಗೆ ಬರುವಾಗ ಸಾಲದ ಜೊತೆ ನಮ್ಮ ಬಾಗಿಲಿಗೆ ಬರುತ್ತದೆ, ಹೋಗುವಾಗ ಸಾಲ ಬಿಟ್ಟು ಹೋಗುತ್ತದೆ. ಹೆಚ್ಚಿಗೆ ಏನು ಹೇಳಲಿ ಅಣ್ಣಾರೆ.

ಪುಣೆ, ವಾಕಡ್

ಲಾಲ್‌ಬಾಗಿನ ಅಮ್ಮಾ, ವಾಸ್ಕೋ ಅಣ್ಣಾ, ನಿಮ್ಮಿಬ್ಬರ ಮಾತಿಗೆ ನನ್ನ ಹತ್ತಿರ ಎದುರುತ್ತರ ಇಲ್ಲ. ನಾನು ಗೆದ್ದವರ ಕಡೆಯಿಂದ ನೋಡುತ್ತಿದ್ದೆ.

ಮೇಷ್ಟ್ರೇ, ಒಂದು ಮಾತು ಮಾತ್ರ ಬಿಡೋದಿಲ್ಲ. ಸೇತುವೆಗೂ ದುಡ್ಡು ಬೇಕು. ಮುಂಬೈ ಪಾಲಿಕೆಯ 2025-26ರ ಬಜೆಟ್ 74 ಸಾವಿರ ಕೋಟಿ ದಾಟಿದೆ. ಬೆಳೆಯದ ಊರಿಗೆ ಅಷ್ಟು ತೆರಿಗೆ ಎಲ್ಲಿಂದ ಬರುತ್ತದೆ? ಉಪ್ಪು ಬೆಲ್ಲದಿಂದ ವಾಂತಿಭೇದಿಯ ಸಾವು ತಡೆಯಬಹುದು, ಕ್ಯಾನ್ಸರಿನ ಸಾವು ತಡೆಯಲು ಆಗೋದಿಲ್ಲ.

ಸಾಯನ್, ನರ್ಸ್

ತಮ್ಮಾ, ದುಡ್ಡು ಬರುತ್ತದೆ, ಸರಿ. ಅದು ಕಟ್ಟಡವಾಗಿ ಬರುತ್ತದೆ, ಯಂತ್ರವಾಗಿ ಬರುತ್ತದೆ. ನಾನು ಇರೋದು ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ರಾತ್ರಿ ಪಾಳಿಯಲ್ಲಿ 50 ರೋಗಿಗಳಿಗೆ ನಾವು ಇಬ್ಬರೇ. ನೆಲ ಹೊಳೆಯುತ್ತದೆ, ಕೈಗಳು ಸಾಲೋದಿಲ್ಲ.

ಆದರೂ ಒಂದು ಸಮಾಧಾನ ಹೇಳುತ್ತೇನೆ. ದೇಶದ ಒಟ್ಟು ಆರೋಗ್ಯದ ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ 64% ಇತ್ತು, 2021-22ರಲ್ಲಿ 39%ಕ್ಕೆ ಇಳಿದಿದೆ. ಅದು ವಾರ್ಡಿನಲ್ಲೂ ಕಾಣುತ್ತದೆ. ಮೊದಲು ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ಎಮ್ಮೆ ಮಾರಿ ಬಂದಿದ್ದೇವೆ ಅನ್ನುತ್ತಿದ್ದರು. ಈಗ ಆರೋಗ್ಯ ವಿಮೆಯ ಕಾರ್ಡು ತೋರಿಸುವವರು ಜಾಸ್ತಿ. ಎಮ್ಮೆ ಮಾರಿದವರು ಇನ್ನೂ ಬರುತ್ತಾರೆ, ಇಲ್ಲ ಅಂತಲ್ಲ.

ಡೊಂಬಿವಲಿ ಪೂರ್ವ

ಎಲ್ಲರಿಗೂ ಋಣಿ. ಎರಡು ದಿನದಿಂದ ಇದನ್ನೇ ಓದುತ್ತಿದ್ದೇನೆ. ಮುಲುಂಡಿನ ಅಣ್ಣ ಬರೆದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ, 11 ಜನರಲ್ಲಿ ನಮ್ಮೂರವರು ಒಬ್ಬರೇ ಅನ್ನೋದು.

1981ರಲ್ಲಿ ನನಗೆ ಕೆಲಸ ಕೊಟ್ಟದ್ದು ಬೆಳೆಯುತ್ತಿದ್ದ ಮುಂಬೈ. ಅದು ನಿಜ. ಆದರೆ ಕೆಲಸ ಮಾತ್ರ ಸಿಕ್ಕಿದ್ದರೆ ನಾನು ಟೇಬಲ್ ಒರೆಸುವವನಿಂದ ಸಪ್ಲೈಯರ್ ಆಗುತ್ತಿದ್ದೆ, ಹೆಚ್ಚೆಂದರೆ ಗಲ್ಲಾದ ಮೇಲೆ ಕೂರುತ್ತಿದ್ದೆ. ನನ್ನನ್ನು ಎತ್ತಿದ್ದು ರಾತ್ರಿ ಶಾಲೆ. ಹಗಲು ಕಚೇರಿಯಲ್ಲಿ ದುಡಿದ ಮೇಷ್ಟ್ರುಗಳು ರಾತ್ರಿ ನಮಗೆ ಗಣಿತ ಹೇಳಿಕೊಡುತ್ತಿದ್ದರು. ನಿದ್ದೆಗೆ ತೂಗಿದರೆ ಹೊಡೆಯುತ್ತಿರಲಿಲ್ಲ, ಎದ್ದು ಮುಖ ತೊಳೆದು ಬಾ ಅನ್ನುತ್ತಿದ್ದರು. ನಮ್ಮ ಜನ ಆ ಶಾಲೆಗಳನ್ನು ವಂತಿಗೆ ಎತ್ತಿ ನಡೆಸಿದರು. ಕುಂದಾಪುರದ ಹುಡುಗರು ಬರೋದು ನಿಂತಿತು, ಶಾಲೆಗಳೂ ಒಂದೊಂದಾಗಿ ನಿಂತವು. ನಾನೂ ಅದನ್ನು ಸಹಜ ಅಂದುಕೊಂಡಿದ್ದೆ. ಹುಡುಗರೇ ಇಲ್ಲ, ಶಾಲೆ ಯಾಕೆ?

ಹುಡುಗರು ಇದ್ದಾರೆ. ನಮ್ಮೂರವರಲ್ಲ, ಅಷ್ಟೆ. ನಮ್ಮ ಸಂಘದ ಕೋಣೆ ವಾರಪೂರ್ತಿ ಬೀಗ ಹಾಕಿಕೊಂಡು ಇರುತ್ತದೆ. ಮುಲುಂಡಿನ ಅಣ್ಣ, ನಿಮ್ಮ ಹುಡುಗರನ್ನು ರಾತ್ರಿ ಒಂಬತ್ತಕ್ಕೆ ಬಿಡಲು ಆಗುತ್ತದಾ?

ಮುಲುಂಡ್, ಹೋಟೆಲಿನವ

ಒಂಬತ್ತಕ್ಕೆ ಆಗೋದಿಲ್ಲ ಮಾರಾಯ್ರೆ, ಅದು ಗಿರಾಕಿಗಳ ಹೊತ್ತು. ಮುಚ್ಚುವಾಗ ಹನ್ನೊಂದಾಗುತ್ತದೆ. ಡೊಂಬಿವಲಿಗೆ ಬಂದು ಹೋಗಲು ಅವರ ಕೈಲಾಗದು. ಆದರೆ ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಹೋಟೆಲು ಖಾಲಿ. ಹುಡುಗರು ಮಾಳಿಗೆಯಲ್ಲಿ ಮಲಗಿ ಮೊಬೈಲ್ ನೋಡುತ್ತಿರುತ್ತಾರೆ. ನೀವೇ ಇಲ್ಲಿಗೆ ಬನ್ನಿ. ಒಳಗಿನ ಎರಡು ಟೇಬಲ್ ಬಿಟ್ಟುಕೊಡುತ್ತೇನೆ. ಕನ್ನಡದಲ್ಲಿ ಹೇಳಿಕೊಟ್ಟರೆ ಅವರಿಗೆ ತಿಳಿಯೋದಿಲ್ಲ, ಅದೊಂದು ನೋಡಿ.

ಲಾಲ್‌ಬಾಗ್

ನಾನು ಪಾಲಿಕೆ ಶಾಲೆಯಲ್ಲಿ 26 ವರ್ಷ ಹಿಂದಿ ಕಲಿಸಿದವಳು. ಬುಧವಾರ ಬರುತ್ತೇನೆ, ಹಳೆಯ ಪುಸ್ತಕಗಳಿವೆ, ತರುತ್ತೇನೆ. ಲೆಕ್ಕ ಹೇಳಿಕೊಡೋಕೆ ಡೊಂಬಿವಲಿಯವರು ಬರಲಿ. ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯುವಂಥವರಿದ್ದರೆ ಮುಕ್ತ ಶಾಲೆಗೆ ಹೆಸರು ಹಚ್ಚಬಹುದು. ಯಾರು ಎಷ್ಟನೇ ಕ್ಲಾಸಿಗೆ ಬಿಟ್ಟಿದ್ದಾರೆ, ಮೊದಲೇ ಕೇಳಿ ಬರೆದಿಡಿ.

ಮುಲುಂಡ್, ಹೋಟೆಲಿನವ

ಈಗಷ್ಟೇ ಕೇಳಿ ಬಂದೆ. ಇಷ್ಟು ವರ್ಷ ಇದೊಂದನ್ನು ಅವರಲ್ಲಿ ಕೇಳಿರಲಿಲ್ಲ. ನಾಲ್ಕು ಜನ ಎಂಟನೇ ಕ್ಲಾಸು, ಮೂವರು ಐದು, ಇಬ್ಬರು ಒಂಬತ್ತಕ್ಕೆ ಫೇಲು. ಪಾತ್ರೆ ತೊಳೆಯುವ ಹುಡುಗ ಶಾಲೆಗೇ ಹೋಗಿಲ್ಲ. ಅವನಿಗೆ ಪುಸ್ತಕ ಆಮೇಲೆ ಸಾಕಂತೆ. ಮೊದಲು ತನ್ನ ಹೆಸರು ಬರೆಯಲು ಕಲಿಸಬೇಕಂತೆ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಲು ನಾಚಿಕೆ ಆಗುತ್ತದೆ ಅಂದ. ಬುಧವಾರ ಮೂರೂವರೆಗೆ ಕಾಯುತ್ತೇವೆ.